ಸೆಟ್ಟರ್ ಸಿಗುತ್ತಿಲ್ಲ, ಕಸ್ಟಮರ್ ಮಾತ್ರ ಡಿಜಿಟಲ್ ಮಾಡಿ ಅಂತಿದ್ದಾರೆ. ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಅಂತರಸನಹಳ್ಳಿ ಶಾಪ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಕಂಪ್ಯೂಟರ್ ಪ್ರೋಗ್ರಾಮ್‌ನಲ್ಲಿ ಓಡುವ ನಾಲ್ಕು ಸಿಎನ್‌ಸಿ ಲೇತ್ (ಪೀಸ್ ತಿರುಗಿಸಿ ಕತ್ತರಿಸುವ ಮೆಷಿನ್), ಎರಡು ವಿಎಂಸಿ (ಮಿಲ್ಲಿಂಗ್ ಮೆಷಿನ್). ಪಂಪ್ ಮತ್ತು ವಾಲ್ವ್‌ಗೆ ಬೇಕಾದ ಶಾಫ್ಟ್, ಸ್ಲೀವ್, ಬುಷ್ ಮಾಡಿ ಪೀಣ್ಯದ ಒಂದು ಕಂಪನಿಗೆ ಕೊಡುತ್ತೇವೆ. ಅವರು ಜೋಡಿಸಿ ಹೊರದೇಶಕ್ಕೆ ಕಳಿಸುತ್ತಾರೆ.

ಮೊದಲ ತಲೆನೋವು ಜನ. ಆಪರೇಟರ್ ಹೇಗೋ ಸಿಗುತ್ತಾರೆ. ಪೀಸ್ ಹಾಕಿ, ಬಾಗಿಲು ಎಳೆದು, ಹಸಿರು ಬಟನ್ ಒತ್ತುವುದನ್ನು ಯಾರಿಗಾದರೂ ಬೇಗ ಕಲಿಸಬಹುದು. ಸಿಗದೇ ಇರುವವರು ಸೆಟ್ಟರ್. ಡ್ರಾಯಿಂಗ್ ನೋಡಿ ಪೀಸನ್ನು ಎಲ್ಲಿ ಹಿಡಿಯಬೇಕು, ಯಾವ ಟೂಲ್ ಮೊದಲು, ಆಫ್‌ಸೆಟ್ (ಟೂಲ್ ಎಲ್ಲಿಗೆ ಬರಬೇಕು ಅಂತ ಮೆಷಿನ್‌ಗೆ ಕೊಡುವ ಅಳತೆ ತಿದ್ದುಪಡಿ) ಎಷ್ಟು ಅಂತ ತೀರ್ಮಾನ ಮಾಡುವವರು. ನಮ್ಮ ಹಿರಿಯ ಸೆಟ್ಟರ್‌ಗೆ ಅರವತ್ತು ಹತ್ತಿರ ಬಂತು. ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಪಳಗಿದವರ ಕೈಕೆಳಗೆ ಕಲಿತವರು ಅವರು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು, ಫ್ಯಾಕ್ಟರಿ ಜಾಗ ಇಸ್ರೋಗೆ ಹೋಯಿತು. ಆ ತರಬೇತಿ ಪಡೆದ ಪೀಳಿಗೆ ಈಗ ಒಬ್ಬೊಬ್ಬರಾಗಿ ನಿವೃತ್ತಿ ಆಗುತ್ತಿದೆ.

ಅವರ ಕೆಲಸ ಎಂಥದ್ದು ಅಂತ ಒಂದು ಉದಾಹರಣೆ ಹೇಳುತ್ತೇನೆ. ನಮ್ಮದೊಂದು 60 ಮಿಲಿಮೀಟರ್ ಶಾಫ್ಟ್ ಇದೆ, ಎಚ್6 ಟಾಲರೆನ್ಸ್. ಅಂದರೆ ಅಳತೆ ಹೆಚ್ಚುಕಡಿಮೆ ಆಗಲು ಇರುವ ಒಟ್ಟು ಜಾಗ ಬರೀ 19 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ಆ ಅಳತೆಯ ಉಕ್ಕು 15 ಡಿಗ್ರಿ ಬಿಸಿಯಾದರೆ ಸುಮಾರು 10 ಮೈಕ್ರಾನ್ ಉಬ್ಬುತ್ತದೆ. ಅರ್ಧ ಟಾಲರೆನ್ಸ್ ಅಲ್ಲಿಗೇ ಹೋಯಿತು. ಹೊಸ ಹುಡುಗ ಮೆಷಿನ್‌ನಿಂದ ಪೀಸ್ ತೆಗೆದ ತಕ್ಷಣ ಮೈಕ್ರೋಮೀಟರ್ ಹಾಕುತ್ತಾನೆ, ದಪ್ಪ ಇದೆ ಅಂತ ಆಫ್‌ಸೆಟ್ ಇಳಿಸುತ್ತಾನೆ. ಮಾರನೇ ದಿನ ತಣ್ಣಗಾದ ಮೇಲೆ ಅಳೆದರೆ ಪೂರ್ತಿ ಲಾಟ್ ಅಂಡರ್‌ಸೈಜ್. ನಮ್ಮ ಸೆಟ್ಟರ್ ಹಾಗಲ್ಲ. ಪೀಸನ್ನು ಸರ್ಫೇಸ್ ಪ್ಲೇಟ್ ಮೇಲೆ ಮಾಸ್ಟರ್ (ಸರಿಯಾದ ಅಳತೆಯ ಮಾದರಿ ಪೀಸ್) ಪಕ್ಕ ಇಟ್ಟು, ಎರಡೂ ಒಂದೇ ಬಿಸಿಗೆ ಬರುವವರೆಗೆ ಕಾಯುತ್ತಾರೆ. ಬೆಳಿಗ್ಗೆ ಸ್ಪಿಂಡಲ್ (ಮೆಷಿನ್‌ನ ತಿರುಗುವ ಭಾಗ) ತಣ್ಣಗಿರುವಾಗ ಒಂದು ಆಫ್‌ಸೆಟ್, ಮಧ್ಯಾಹ್ನ ಇನ್ನೊಂದು. ಇದೆಲ್ಲ ಅವರ ತಲೆಯಲ್ಲೇ ಇದೆ, ಎಲ್ಲೂ ಬರೆದಿಲ್ಲ.

ಎರಡನೇ ತಲೆನೋವು, ಪೀಣ್ಯದ ಕಸ್ಟಮರ್ ಈಗ ಎಲ್ಲವನ್ನೂ ಡಿಜಿಟಲ್ ಆಗಿ ಕೇಳುತ್ತಿದ್ದಾರೆ. ಪ್ರತಿ ಲಾಟ್‌ಗೆ ಮೆಟೀರಿಯಲ್ ಹೀಟ್ ನಂಬರ್ (ಉಕ್ಕು ಯಾವ ಸಲ ಕರಗಿಸಿದ್ದರಿಂದ ಬಂತು ಅಂತ ಹೇಳುವ ನಂಬರ್), ಇನ್‌ಸ್ಪೆಕ್ಷನ್ ರೀಡಿಂಗ್, ಯಾವ ಮೆಷಿನ್‌ನಲ್ಲಿ ಎಷ್ಟು ಗಂಟೆಗೆ ಆಯಿತು, ಎಲ್ಲ ಬೇಕು. ಒಬ್ಬ ಸಾಫ್ಟ್‌ವೇರ್‌ನವರು ಇಆರ್‌ಪಿ (ಆರ್ಡರ್, ಸ್ಟಾಕ್, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರ್), ಲೈವ್ ಡ್ಯಾಶ್‌ಬೋರ್ಡ್, ಲೋಡಿಂಗ್‌ಗೆ ರೋಬೋ ಎಲ್ಲ ಸೇರಿಸಿ ಒಂದು ಕೊಟೇಶನ್ ಕೊಟ್ಟಿದ್ದಾರೆ. ಸಾಲ ಇಲ್ಲದೆ ಆಗುವ ಮಾತಲ್ಲ.

ಇನ್ನು ಆರ್ಡರ್ ನೋಡಿದರೆ ಮೂರು ತಿಂಗಳ ಮುಂದಿನದ್ದೇ ಕಾಣುತ್ತಿಲ್ಲ. 2025ರ ಆಗಸ್ಟ್ 7ರಿಂದ ಅಮೆರಿಕ ನಮ್ಮ ಮಾಲಿಗೆ 25% ಸುಂಕ ಹಾಕಿತು, ಅದೇ ತಿಂಗಳ 27ಕ್ಕೆ ಅದು 50% ಆಯಿತು. ಆ ತಿಂಗಳಿಂದಲೇ ನಮ್ಮ ಶೆಡ್ಯೂಲ್ ಏರುಪೇರು. ಸುಂಕ ಏರುವುದೂ ಇಳಿಯುವುದೂ ನಮ್ಮ ಕೈಯಲ್ಲಿಲ್ಲ, ಆದರೆ ಕಂತು ಮಾತ್ರ ಪ್ರತಿ ತಿಂಗಳು ಕಟ್ಟಬೇಕು ಅಲ್ವಾ?

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಸಾಫ್ಟ್‌ವೇರ್, ರೋಬೋ, ಇಲ್ಲ ಜಾಸ್ತಿ ಸಂಬಳ ಕೊಟ್ಟು ಬೆಂಗಳೂರಿಂದ ಸೆಟ್ಟರ್ ಕರೆತರುವುದಾ? ಮಾಡಿ ನೋಡಿದವರು ಹೇಳಿ.

---

ನರಸಾಪುರ ಮೆಂಟೆನೆನ್ಸ್

ಕೋಲಾರದ ನರಸಾಪುರದಲ್ಲಿ ದೊಡ್ಡ ಪ್ಲಾಂಟ್ ಒಂದರಲ್ಲಿ ಮೆಂಟೆನೆನ್ಸ್ ನೋಡುತ್ತೇನೆ. ಮೊದಲ ಮಾತು, ರೋಬೋವನ್ನು ಸದ್ಯಕ್ಕೆ ಬಿಟ್ಟುಬಿಡಿ. ರೋಬೋ ಬಂದರೆ ಜನ ಬೇಡ ಅನ್ನುವುದು ಅರ್ಧ ಸತ್ಯ. ಬಟನ್ ಒತ್ತುವವರು ಕಡಿಮೆ ಸಾಕು, ನಿಜ. ಆದರೆ ಗ್ರಿಪ್ಪರ್ ಸೆನ್ಸರ್‌ಗೆ ಕೂಲೆಂಟ್ ಸಿಡಿದು ರಾತ್ರಿ ಲೈನ್ ನಿಂತಾಗ ಪಿಎಲ್‌ಸಿ (ಲೈನ್ ನಡೆಸುವ ಕಂಟ್ರೋಲರ್) ಪ್ರೋಗ್ರಾಮ್ ಓದಬಲ್ಲ ಒಬ್ಬರು ಬೇಕೇ ಬೇಕು. ಅವರು ನಿಮ್ಮ ಸೆಟ್ಟರ್‌ಗಿಂತಲೂ ಕಷ್ಟಕ್ಕೆ ಸಿಗುತ್ತಾರೆ. ನಮ್ಮಂಥ ದೊಡ್ಡ ಕಡೆಯೇ ಅಂಥವರಿಗಾಗಿ ಒಬ್ಬರ ಮೇಲೊಬ್ಬರು ಬಿದ್ದು ಹುಡುಕುತ್ತಿದ್ದೇವೆ. ಅಲ್ಲದೆ ನಿಮ್ಮದು ಚಿಕ್ಕ ಚಿಕ್ಕ ಲಾಟ್ ಇರಬೇಕು. ದಿನಕ್ಕೊಂದು ಸೆಟಪ್ ಬದಲಾಗುವ ಕಡೆ ರೋಬೋ ಜಾಸ್ತಿ ಹೊತ್ತು ಸುಮ್ನೆ ನಿಂತಿರುತ್ತದೆ.

ಡ್ಯಾಶ್‌ಬೋರ್ಡ್‌ಗೂ ಅಷ್ಟು ದೊಡ್ಡ ಪ್ಯಾಕೇಜ್ ಬೇಕಿಲ್ಲ. ಮೆಷಿನ್ ಮೇಲೆ ಕೆಂಪು, ಹಳದಿ, ಹಸಿರು ಟವರ್ ಲ್ಯಾಂಪ್ ಇದೆಯಲ್ಲ, ಅದರ ಸಿಗ್ನಲ್ ತೆಗೆದುಕೊಂಡರೆ ಮೆಷಿನ್ ಓಡುತ್ತಿದೆಯಾ ನಿಂತಿದೆಯಾ ಎಂದು ಗೊತ್ತಾಗುತ್ತದೆ. ಲ್ಯಾಂಪ್ ಇಲ್ಲದ ಹಳೇ ಮೆಷಿನ್ ಆದರೆ ಸ್ಪಿಂಡಲ್ ಮೋಟರ್ ಕೇಬಲ್‌ನ ಒಂದು ಫೇಸ್ ತಂತಿಯ ಸುತ್ತ ಮಾತ್ರ ಒಂದು ಕರೆಂಟ್ ಕ್ಲ್ಯಾಂಪ್ ಹಾಕಿ, ಒಂದು ಚಿಕ್ಕ ವೈಫೈ ಬೋರ್ಡ್‌ಗೆ ಕೊಡಿ. ಕಟಿಂಗ್ ನಡೆಯುವಾಗ ಕರೆಂಟ್ ಏರುತ್ತದೆ, ಖಾಲಿ ತಿರುಗುವಾಗ ಇಳಿಯುತ್ತದೆ. ಪ್ರತಿ ಮೆಷಿನ್‌ಗೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ನಿಮ್ಮೂರಿನ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಹುಡುಗರಿಗೆ ಪ್ರಾಜೆಕ್ಟ್ ಆಗಿ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ.

ಅದರಿಂದ ಬರುವ ಅಂಕಿ ನೋಡಿದಾಗ ಜಾಸ್ತಿ ಜನರಿಗೆ ಗೊತ್ತಾಗುವ ಸಂಗತಿ ಒಂದೇ. ಮೆಷಿನ್ ನಿಲ್ಲುವುದು ಆಪರೇಟರ್ ಸೋಮಾರಿ ಅಂತಲ್ಲ. ಸೆಟ್ಟರ್ ಇನ್ನೊಂದು ಮೆಷಿನ್‌ನಲ್ಲಿ ಇರುತ್ತಾರೆ, ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಸ್ಟೋರ್‌ನಲ್ಲಿ ಇರುವುದಿಲ್ಲ, ಮೊದಲ ಪೀಸ್ ಕ್ಯೂಸಿಯಲ್ಲಿ (ಗುಣಮಟ್ಟ ತಪಾಸಣೆಯಲ್ಲಿ) ಸರದಿ ಕಾಯುತ್ತಿರುತ್ತದೆ. 480 ನಿಮಿಷದ ಶಿಫ್ಟ್‌ನಲ್ಲಿ ಇಂಥ ಕಾಯುವಿಕೆಯೇ ಎಷ್ಟು ಅಂತ ನೋಡಿ, ಹೊಸ ಮೆಷಿನ್ ಬೇಕಾ ಬೇಡವಾ ಎಂದು ನಿಮಗೇ ಗೊತ್ತಾಗುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಆ ಸ್ಕ್ರೀನನ್ನು ನಿಮ್ಮ ಕ್ಯಾಬಿನ್‌ನಲ್ಲಿ ಹಾಕಬೇಡಿ, ಶಾಪ್ ಫ್ಲೋರ್‌ನಲ್ಲಿ ಹಾಕಿ. ನಿಂತ ಕಾರಣವನ್ನು ಆಪರೇಟರ್ ಕೈಯಿಂದಲೇ ಒತ್ತಿಸಿ, ಕನ್ನಡದಲ್ಲಿ. ಆ ಅಂಕಿ ಹಿಡಿದು ಯಾರಿಗಾದರೂ ಒಮ್ಮೆ ಬೈದರೆ ಮುಗಿಯಿತು, ಮರುದಿನದಿಂದ ಎಲ್ಲ ಕಾರಣವೂ "ಕರೆಂಟ್ ಹೋಗಿತ್ತು" ಅಂತಲೇ ಬರುತ್ತದೆ.

---

ಗೌರಿಬಿದನೂರು ಐಟಿಐ ಮೇಷ್ಟ್ರು

ಜನ ಸಿಗುತ್ತಿಲ್ಲ ಅನ್ನುವ ಮಾತು ಕೇಳಿ ಕೇಳಿ ನನಗೆ ಬೇಜಾರಾಗಿದೆ, ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಯಾವ ಸಂಬಳಕ್ಕೆ ಸಿಗುತ್ತಿಲ್ಲ ಅಂತ ಯಾರೂ ಬರೆಯುವುದಿಲ್ಲ. ನನ್ನ ಟರ್ನರ್, ಮೆಷಿನಿಸ್ಟ್, ಫಿಟ್ಟರ್ ಹುಡುಗರು ಎರಡು ವರ್ಷ ಓದಿ ಹೊರಗೆ ಬಂದಾಗ ಸಣ್ಣ ಶಾಪ್‌ನಲ್ಲಿ ಸಿಗುವ ದುಡ್ಡಿಗಿಂತ ಬೆಂಗಳೂರಲ್ಲಿ ಬೈಕ್ ಮೇಲೆ ಡೆಲಿವರಿ ಮಾಡಿದರೆ ಜಾಸ್ತಿ ಸಿಗುತ್ತದೆ. ಅದೂ ಸಂಜೆಗೇ ಕೈಗೆ. ಇನ್ನು ನರಸಾಪುರ, ದೇವನಹಳ್ಳಿಯ ದೊಡ್ಡ ಕಂಪನಿಗಳು ಬಸ್ಸು, ಕ್ಯಾಂಟೀನು, ಪಿಎಫ್ ಎಲ್ಲ ಕೊಟ್ಟು ಕರೆದುಕೊಳ್ಳುತ್ತವೆ. ಹೋಂಡಾ 2013ರಲ್ಲಿ ನರಸಾಪುರಕ್ಕೆ ಬಂತು, ಅಲ್ಲಿನ ಐಫೋನ್ ಘಟಕ 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೈಗೆ ಬಂತು. ನಿಮ್ಮ ಕಡೆ ಗುಬ್ಬಿ ಹತ್ತಿರ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಅದೇ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಊರಲ್ಲಿ ತಾಯಿ ತಂದೆ ಮಗನಿಗೆ ಅದನ್ನೇ ತೋರಿಸುತ್ತಾರೆ. ಅಂತರಸನಹಳ್ಳಿಯ ಶೆಡ್ಡನ್ನು ಯಾರೂ ತೋರಿಸುವುದಿಲ್ಲ.

ಐಟಿಐಗಳಲ್ಲಿ ಏನೂ ಇಲ್ಲ ಅನ್ನುವುದೂ ಈಗ ಹಳೇ ಮಾತು. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದೆ. ಸಿಎನ್‌ಸಿ, ರೋಬೋ, ಥ್ರೀಡಿ ಪ್ರಿಂಟಿಂಗ್ ಎಲ್ಲ ಬಂದಿದೆ. ಹುಡುಗರು ಜಿ ಕೋಡ್ (ಸಿಎನ್‌ಸಿ ಪ್ರೋಗ್ರಾಮ್) ಬರೆಯುತ್ತಾರೆ, ಸಿಮ್ಯುಲೇಟರ್‌ನಲ್ಲಿ ಓಡಿಸುತ್ತಾರೆ. ಆದರೆ ನಿಮ್ಮ ಸೆಟ್ಟರ್ ಪೀಸ್ ತಣ್ಣಗಾಗಲಿ ಅಂತ ಕಾಯುತ್ತಾರಲ್ಲ, ಆ ಬುದ್ಧಿ ಕ್ಲಾಸ್‌ರೂಮಲ್ಲಿ ಬರುವುದಿಲ್ಲ. ಅಳತೆಯ ಸ್ಟ್ಯಾಂಡರ್ಡ್ ತಾಪಮಾನ 20 ಡಿಗ್ರಿ ಅಂತ ನಾನು ಬೋರ್ಡ್ ಮೇಲೆ ಬರೆಯುತ್ತೇನೆ, ಅವರು ನೋಟ್ಸ್ ಮಾಡಿಕೊಳ್ಳುತ್ತಾರೆ. ಒಂದು ಲಾಟ್ ಹಾಳಾಗುವುದನ್ನು ಕಣ್ಣಾರೆ ಕಂಡಾಗಲೇ ಅದು ತಲೆಗೆ ಹೋಗುವುದು. ಆ ಭಾಗ ನಿಮ್ಮ ಶಾಪ್‌ನಲ್ಲೇ ನಡೆಯಬೇಕು.

ಅದಕ್ಕೆ ದಾರಿ ಅಪ್ರೆಂಟಿಸ್. 1961ರ ಕಾಯ್ದೆ. 30 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಕಡ್ಡಾಯ, ನಿಮ್ಮಂಥ ಸಣ್ಣ ಕಡೆ ನಾಲ್ಕು ಜನ ಇದ್ದರೂ ಸೇರಿಸಿಕೊಳ್ಳಬಹುದು. ಸ್ಟೈಪೆಂಡ್‌ನ 25%, ತಿಂಗಳಿಗೆ ಹೆಚ್ಚೆಂದರೆ 1500 ರೂಪಾಯಿ, ಕೇಂದ್ರದ ಯೋಜನೆಯಿಂದ ಬರುತ್ತದೆ. ದೊಡ್ಡ ಮೊತ್ತ ಅಲ್ಲ, ಆದರೆ ಇಲ್ಲದ್ದಕ್ಕಿಂತ ವಾಸಿ. ದಯವಿಟ್ಟು ಅಪ್ರೆಂಟಿಸ್‌ನನ್ನು ಕಸ ಗುಡಿಸಲು, ಬರ್ (ಪೀಸ್ ಅಂಚಿನಲ್ಲಿ ಉಳಿದ ಚೂರು) ತೆಗೆಯಲು ಮಾತ್ರ ಇಟ್ಟುಕೊಳ್ಳಬೇಡಿ. ಈಗಲೇ ಇಬ್ಬರನ್ನು ನಿಮ್ಮ ಹಿರಿಯರ ಪಕ್ಕ ನಿಲ್ಲಿಸಿ. ಅವರು ನಿವೃತ್ತಿ ಆಗುವ ಮುಂಚೆ, ಆಮೇಲಲ್ಲ. ಆ ಹಿರಿಯರಿಗೂ ಕಲಿಸಿದ್ದಕ್ಕೆ ಪ್ರತ್ಯೇಕವಾಗಿ ದುಡ್ಡು ಕೊಡಿ. ಪುಕ್ಕಟೆ ಯಾಕೆ ಕಲಿಸಬೇಕು ಅವರು?

---

ವೇಮಗಲ್ ಲೈನ್

ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಎಲ್ಲರೂ ಹುಡುಗರು, ಹುಡುಗರು ಅಂತಲೇ ಬರೆದಿದ್ದೀರಿ. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಮಾಡಿದ ಹುಡುಗಿ. ಕೋಲಾರ ಕಡೆಯ ಮೂರು ಶಾಪ್‌ಗಳಲ್ಲಿ ಸಿಎನ್‌ಸಿ ಕೆಲಸ ಕೇಳಿದೆ. ಒಂದು ಕಡೆ ಪ್ಯಾಕಿಂಗ್ ಕೊಡುತ್ತೇವೆ ಅಂದರು, ಇನ್ನೊಂದು ಕಡೆ ವಿಶುವಲ್ ಇನ್‌ಸ್ಪೆಕ್ಷನ್. ಮೂರನೇ ಕಡೆ ಹೆಣ್ಣುಮಕ್ಕಳಿಗೆ ಟಾಯ್ಲೆಟ್ಟೇ ಇರಲಿಲ್ಲ. ಈಗ ಎಲೆಕ್ಟ್ರಾನಿಕ್ಸ್ ಅಸೆಂಬ್ಲಿ ಲೈನ್‌ನಲ್ಲಿ ಇದ್ದೇನೆ, ನನ್ನ ಲೈನ್‌ನಲ್ಲಿ ಮುಕ್ಕಾಲು ಪಾಲು ನಮ್ಮಂಥವರೇ. ಸೆಟ್ಟಿಂಗ್ ಕಲಿಯುವ ಆಸೆ ಇನ್ನೂ ಇದೆ.

ಡಿಜಿಟಲ್ ಬಗ್ಗೆ ಲೈನ್‌ನಲ್ಲಿ ನಿಂತವಳಾಗಿ ಹೇಳುತ್ತೇನೆ. ನಮ್ಮಲ್ಲಿ ಪ್ರತಿ ಸ್ಟೇಷನ್‌ಗೂ ಸ್ಕ್ರೀನ್ ಇದೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಆ ಮಾಡೆಲ್‌ನ ಚಿತ್ರ ಬರುತ್ತದೆ, ಸ್ಕ್ರೂ ಯಾವ ಕ್ರಮದಲ್ಲಿ ಹಾಕಬೇಕು, ಎಷ್ಟು ಟಾರ್ಕ್ (ಎಷ್ಟು ಬಿಗಿ), ಎಲ್ಲ ತೋರಿಸುತ್ತದೆ. ಸ್ಕ್ರೂಡ್ರೈವರ್ ಸರಿಯಾದ ಟಾರ್ಕ್ ಮುಟ್ಟದಿದ್ದರೆ ಪೀಸ್ ಮುಂದಕ್ಕೆ ಹೋಗುವುದಿಲ್ಲ. ಹೊಸಬರಿಗೆ ಇದು ತುಂಬಾ ಧೈರ್ಯ ಕೊಡುತ್ತದೆ. ತಪ್ಪು ಮಾಡಿದೆನೇನೋ ಎಂಬ ಭಯ ಇರುವುದಿಲ್ಲ. ಆದರೆ ಯಾಕೆ ಆ ಟಾರ್ಕ್ ಅಂತ ಯಾರೂ ಹೇಳುವುದಿಲ್ಲ. ವರ್ಷವಾದರೂ ಸ್ಕ್ರೀನ್ ಹೇಳಿದಷ್ಟೇ ಗೊತ್ತಿರುತ್ತದೆ. ನೀವು ಸ್ಕ್ರೀನ್ ಹಾಕುವಾಗ ಆ "ಯಾಕೆ" ಕೂಡ ಹಾಕಿ. ಬಿಸಿ ಪೀಸ್ ಅಳೆಯಬೇಡಿ ಅಂತ ಮಾತ್ರ ಬರೆಯದೆ, 10 ಮೈಕ್ರಾನ್ ಲೆಕ್ಕವನ್ನೂ ಬರೆಯಿರಿ. ನಾನು ಇಲ್ಲಿ ಓದಿ ಈಗಷ್ಟೇ ಕಲಿತೆ, ಡಿಪ್ಲೊಮಾದಲ್ಲಿ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ಇನ್ನೊಂದು, ಬಸ್ಸು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ನಮಗೆ ಟಿಕೆಟ್ ಇಲ್ಲ, ಅದರಿಂದ ದೂರದ ಊರಿನವರೂ ಕೆಲಸಕ್ಕೆ ಬರುವಂತಾಯಿತು. ಆದರೆ ಎರಡನೇ ಶಿಫ್ಟ್ ಬಿಡುವ ಹೊತ್ತಿಗೆ ಇಂಡಸ್ಟ್ರಿಯಲ್ ಏರಿಯಾದಿಂದ ಹಳ್ಳಿ ಕಡೆಗೆ ಬಸ್ಸೇ ಇರುವುದಿಲ್ಲ. ಅಕ್ಕಪಕ್ಕದ ನಾಲ್ಕೈದು ಶಾಪ್‌ನವರು ಸೇರಿ ಒಂದು ಟೆಂಪೋ ಟ್ರಾವೆಲರ್ ಮಾಡಿದರೆ ನಿಮ್ಮ "ಜನ ಸಿಗುತ್ತಿಲ್ಲ" ಅರ್ಧ ಕಡಿಮೆ ಆಗುತ್ತದೆ. ಇದನ್ನು ಯಾವ ಸಾಫ್ಟ್‌ವೇರ್‌ನವರೂ ನಿಮಗೆ ಹೇಳುವುದಿಲ್ಲ.

---

ಅಂತರಸನಹಳ್ಳಿ ಶಾಪ್ (ತುಮಕೂರು)

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಮೂವರಿಗೂ ಧನ್ಯವಾದ. ಬಸ್ಸಿನ ಮಾತು ಪೂರ್ತಿ ಒಪ್ಪುತ್ತೇನೆ, ವಸಂತನರಸಾಪುರದ ಕಡೆಯವರೂ ಇದನ್ನೇ ಹೇಳುತ್ತಾರೆ. ಆದರೆ ಮೇಷ್ಟ್ರೇ, ಕಲಿಸಿದ ಮೇಲೆ ಬಿಟ್ಟು ಹೋಗುತ್ತಾರಲ್ಲ? ಸಣ್ಣ ಶಾಪ್‌ಗೆ ಅದು ದೊಡ್ಡ ಪೆಟ್ಟು. ನಾವು ಕಲಿಸುತ್ತೇವೆ, ದೊಡ್ಡವರು ಒಯ್ಯುತ್ತಾರೆ. ರಾಗಿ ಕೊಯ್ಲಿಗೆ ಊರಿಗೆ ಹೋದವರು ವಾಪಸ್ ಬರುತ್ತಾರೆ. ಹೆಚ್ಚು ಸಂಬಳಕ್ಕೆ ಹೋದವರು ಬರುವುದಿಲ್ಲ.

---

ಗೌರಿಬಿದನೂರು ಐಟಿಐ ಮೇಷ್ಟ್ರು

ಕೆಲವರು ಹೋಗುತ್ತಾರೆ, ಹೋಗಲಿ. ಆದರೆ ಯಾಕೆ ಹೋಗುತ್ತಾರೆ ಅಂತ ಹುಡುಗರು ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ. ಸಂಬಳ ಒಂದು ಕಾರಣ ಅಷ್ಟೇ. ಮುಂದೆ ಏನಾಗುತ್ತೇನೆ ಅಂತ ಕಾಣುವುದಿಲ್ಲ, ಅದು ದೊಡ್ಡದು. ಗೋಡೆ ಮೇಲೆ ಬರೆದು ಹಾಕಿ. ಟೂಲ್ ಆಫ್‌ಸೆಟ್ ಒಬ್ಬರೇ ಹಾಕಬಲ್ಲರಾದರೆ ಇಷ್ಟು ಹೆಚ್ಚು, ಹೊಸ ಜಾಬ್ ಒಬ್ಬರೇ ಸೆಟ್ ಮಾಡಿದರೆ ಇಷ್ಟು, ಪ್ರೋಗ್ರಾಮ್ ಬರೆದರೆ ಇಷ್ಟು. ಯಾರ ಮುಲಾಜೂ ಇಲ್ಲದೆ ಪರೀಕ್ಷೆ ಮಾಡಿ, ಪಾಸಾದ ತಿಂಗಳಿಂದಲೇ ಕೊಡಿ. ದೊಡ್ಡ ಕಂಪನಿಯಲ್ಲಿ ಇದೇ ಹುಡುಗ ಐದು ವರ್ಷ ಒಂದೇ ಸ್ಟೇಷನ್‌ನಲ್ಲಿ ನಿಂತಿರುತ್ತಾನೆ. ನಿಮ್ಮಲ್ಲಿ ಎಲ್ಲ ಮೆಷಿನ್ ಮುಟ್ಟಬಹುದು. ಅದು ನಿಮ್ಮ ಬಲ, ಅದನ್ನು ತೋರಿಸಿ.

---

ಪೀಣ್ಯ ಟು ಶಿರಾ

ಎಕ್ಸ್‌ಪೋರ್ಟ್ ಡಾಕ್ಯುಮೆಂಟೇಶನ್ ಮಾಡುವವನು, ಮನೆ ಶಿರಾ. ದುಡ್ಡಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಅನಿಶ್ಚಿತತೆ ಬರೀ ಸುಂಕದ್ದಲ್ಲ. 2023ರ ಕೊನೆಯಿಂದ ಕೆಂಪು ಸಮುದ್ರದ ಗಲಾಟೆಯಿಂದ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು, ಯುರೋಪಿಗೆ ಸುಮಾರು ಎರಡು ವಾರ ಜಾಸ್ತಿ. 2025ರ ಏಪ್ರಿಲ್‌ನಲ್ಲಿ ಚೀನಾ ರೇರ್ ಅರ್ಥ್ ಮ್ಯಾಗ್ನೆಟ್ ರಫ್ತಿಗೆ ಕಡಿವಾಣ ಹಾಕಿತು, ಇಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ನವರು ಪರದಾಡಿದರು. ನಿಮ್ಮ ಶಾಫ್ಟ್‌ಗೂ ಮ್ಯಾಗ್ನೆಟ್‌ಗೂ ಸಂಬಂಧವಿಲ್ಲ, ಆದರೆ ಆ ಮ್ಯಾಗ್ನೆಟ್ ಬೇಕಾದ ಮೋಟರ್ ಇಲ್ಲದೆ ಪಂಪ್ ಹೋಗುವುದಿಲ್ಲ ಎಂಬ ಸ್ಥಿತಿ ಬಂದರೆ ನಿಮ್ಮ ಆರ್ಡರ್ ಕೂಡ ನಿಲ್ಲುತ್ತದೆ. ಸುಂಕದಲ್ಲೂ ಎಲ್ಲ ಮಾಲಿಗೂ ಒಂದೇ ದರ ಇರಲಿಲ್ಲ. ವಾಹನ ಬಿಡಿಭಾಗಕ್ಕೆ 2025ರ ಮೇಯಿಂದ ಬೇರೆ ಆದೇಶದಲ್ಲಿ 25%, ಆ 50% ಅದಕ್ಕೆ ಅನ್ವಯ ಆಗಲಿಲ್ಲ. ಹಾಗಾಗಿ ಒಂದೇ ಕಸ್ಟಮರ್, ಒಂದೇ ದೇಶ ನಂಬಿಕೊಂಡು ದೊಡ್ಡ ಸಾಲ ಬೇಡ. ನಿಮ್ಮ ಮೆಷಿನ್‌ಗಳಲ್ಲೇ ವಾಹನದ ಕೆಲಸ, ಏರೋಸ್ಪೇಸ್ ಕೆಲಸ ಕೂಡ ಮಾಡಬಹುದಾದರೆ ಅದರ ಕಡೆ ನೋಡಿ. ಅಲ್ಲಿಗೆ ಹೋಗಲು ಬೇಕಾಗುವುದು ಏನು ಗೊತ್ತಾ? ಈ ಟ್ರೇಸಬಿಲಿಟಿಯೇ. ಯಾವ ಪೀಸ್ ಯಾವ ಹೀಟ್ ನಂಬರ್ ರಾಡ್‌ನಿಂದ ಬಂತು ಎಂದು ಹೇಳಲಾಗದವರನ್ನು ಅವರು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಹಾಗಾಗಿ ಕಸ್ಟಮರ್ ಕೇಳುತ್ತಿರುವುದನ್ನು ಕಾಟ ಎಂದುಕೊಳ್ಳಬೇಡಿ, ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತದೆ. ಜಾಬ್ ಕಾರ್ಡ್ ಮೇಲೆ ಒಂದು ಬಾರ್‌ಕೋಡ್, ಸ್ಕ್ಯಾನರ್, ಶೀಟ್‌ನಲ್ಲಿ ನಾಲ್ಕು ಕಾಲಂ. ಶುರುವಿಗೆ ಇಷ್ಟು ಸಾಕು.

ಸರ್ಕಾರದ ಕಡೆಯಿಂದ ಎರಡು ನೋಡಿಕೊಳ್ಳಿ. ಒಂದು ಝಡ್‌ಇಡಿ ಸರ್ಟಿಫಿಕೇಟ್, ಸಣ್ಣ ಉದ್ದಿಮೆಗಳ ಗುಣಮಟ್ಟಕ್ಕೆ ಕೇಂದ್ರ ಕೊಡುವುದು. ಶುಲ್ಕದಲ್ಲಿ ಮೈಕ್ರೋ ಘಟಕಕ್ಕೆ 80%, ಸ್ಮಾಲ್‌ಗೆ 60% ಸಬ್ಸಿಡಿ. ಇನ್ನೊಂದು ವಿಕಸಿತ ಭಾರತ ರೋಜ್‌ಗಾರ್ ಯೋಜನೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಪಿಎಫ್ ಕಟ್ಟಿ ಹೊಸಬರನ್ನು ತೆಗೆದುಕೊಂಡರೆ ಮಾಲೀಕರಿಗೆ ತಲೆಗೆ ತಿಂಗಳಿಗೆ 3000 ರೂಪಾಯಿವರೆಗೆ ಬರುತ್ತದೆ, ಉತ್ಪಾದನಾ ವಲಯಕ್ಕೆ ನಾಲ್ಕು ವರ್ಷ. 50ಕ್ಕಿಂತ ಕಡಿಮೆ ಜನ ಇರುವವರು ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ತೆಗೆದುಕೊಂಡು ಆರು ತಿಂಗಳು ಉಳಿಸಿಕೊಳ್ಳಬೇಕು. ಮೇಷ್ಟ್ರು ಹೇಳಿದ ಆ ಗೋಡೆ ಮೇಲಿನ ಸಂಬಳಕ್ಕೆ ಇದು ಸ್ವಲ್ಪ ಆಸರೆ ಆಗುತ್ತದೆ. ಮೆಷಿನ್ ಡಿಜಿಟಲ್ ಮಾಡುವುದನ್ನು ಕಣ್ಣಿಂದ ನೋಡಬೇಕಾದರೆ ಬೆಂಗಳೂರಿನಲ್ಲಿ ತುಮಕೂರು ರಸ್ತೆ ಮೇಲೇ ಸಿಎಂಟಿಐ (ಕೇಂದ್ರದ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಇದೆ, ಸ್ಮಾರ್ಟ್ ಮ್ಯಾನುಫ್ಯಾಕ್ಚರಿಂಗ್ ಡೆಮೊ ಸೆಲ್ ಅಂತಲೇ ಮಾಡಿದ್ದಾರೆ. ದುಡ್ಡು ಹಾಕುವ ಮುಂಚೆ ನಿಮ್ಮ ಸೆಟ್ಟರ್ ಜೊತೆ ಒಮ್ಮೆ ಹೋಗಿ ಬನ್ನಿ.

---

ಅಂತರಸನಹಳ್ಳಿ ಶಾಪ್ (ತುಮಕೂರು)

ಒಂದು ತೀರ್ಮಾನಕ್ಕೆ ಬಂದೆ. ರೋಬೋ ಕೊಟೇಶನ್ ಬದಿಗಿಟ್ಟಿದ್ದೇನೆ. ಜಾಬ್ ಕಾರ್ಡ್‌ಗೆ ಬಾರ್‌ಕೋಡ್ ಈ ತಿಂಗಳಲ್ಲೇ. ಎರಡು ಲೇತ್‌ಗೆ ಕರೆಂಟ್ ಕ್ಲ್ಯಾಂಪ್ ಹಾಕಿ ನೋಡುತ್ತೇವೆ. ಇಬ್ಬರು ಅಪ್ರೆಂಟಿಸ್ ತೆಗೆದುಕೊಳ್ಳುತ್ತೇವೆ, ಅವರಲ್ಲಿ ಒಬ್ಬರು ಹುಡುಗಿ ಇರಲಿ ಎಂದು ಸೆಟ್ಟರ್ ಅವರೇ ಹೇಳಿದರು. ಅವರ ಮಗಳೂ ಡಿಪ್ಲೊಮಾ ಓದುತ್ತಿದ್ದಾಳೆ. ಟಾಯ್ಲೆಟ್ ಕೆಲಸಕ್ಕೆ ಮೇಸ್ತ್ರಿ ಬಂದು ಅಳತೆ ತೆಗೆದುಕೊಂಡು ಹೋದರು. ಟೆಂಪೋ ಬಗ್ಗೆ ಪಕ್ಕದ ಶಾಪ್‌ನವರ ಜೊತೆ ಮಾತು ನಡೆಯುತ್ತಿದೆ. ಸೆಟ್ಟರ್ ಸೆಟಪ್ ಮಾಡುವಾಗ ಅಪ್ರೆಂಟಿಸ್ ಫೋನ್‌ನಲ್ಲಿ ವಿಡಿಯೋ ಮಾಡಬೇಕು, ಪ್ರತಿ ಆಫ್‌ಸೆಟ್ ಬದಲಾವಣೆಗೂ ಕಾರಣ ಕೇಳಿ ಬರೆಯಬೇಕು. ಇದಕ್ಕೆ ಅವರು ಒಪ್ಪಿದ್ದಾರೆ, ಕಲಿಸುವುದಕ್ಕೆ ಪ್ರತ್ಯೇಕ ಭತ್ಯೆ ಕೊಡುತ್ತೇನೆ.

ಬ್ಲೂಟೂತ್ ಮೈಕ್ರೋಮೀಟರ್ ತೆಗೆದುಕೊಂಡು ರೀಡಿಂಗ್ ನೇರ ಶೀಟ್‌ಗೆ ಹೋಗುವಂತೆ ಮಾಡಿ ಅಂತ ಸಾಫ್ಟ್‌ವೇರ್‌ನವರು ಹೇಳುತ್ತಿದ್ದಾರೆ. ಬಿಸಿ ಪೀಸ್ ಅಳೆದರೆ ತಪ್ಪು ರೀಡಿಂಗೇ ಅಚ್ಚುಕಟ್ಟಾಗಿ ಸೇವ್ ಆಗುತ್ತದೆ, ಕಸ್ಟಮರ್‌ಗೂ ಹೋಗುತ್ತದೆ. ಇದಕ್ಕೆ ಏನು ಮಾಡುವುದು? ಜೊತೆಗೆ ನಮ್ಮ ಒಂದು ಹಳೇ ಲೇತ್‌ನಲ್ಲಿ ಆರ್‌ಎಸ್-232 ಪೋರ್ಟ್ (ಹಳೇ ಕಾಲದ ಸೀರಿಯಲ್ ಪೋರ್ಟ್) ಮಾತ್ರ ಇದೆ, ಅದರಿಂದ ಪ್ರೋಗ್ರಾಮ್ ತೆಗೆಯಬಹುದಾ?

---

ನರಸಾಪುರ ಮೆಂಟೆನೆನ್ಸ್

ಆಗುತ್ತದೆ. ಯುಎಸ್‌ಬಿಯಿಂದ ಸೀರಿಯಲ್‌ಗೆ ಒಂದು ಕನ್ವರ್ಟರ್ ತನ್ನಿ, ಬಾಡ್ ರೇಟ್ (ಡೇಟಾ ಹೋಗುವ ವೇಗ) ಮತ್ತು ಪ್ಯಾರಿಟಿ (ತಪ್ಪು ಹಿಡಿಯುವ ಸೆಟ್ಟಿಂಗ್) ಎರಡೂ ಕಡೆ ಒಂದೇ ಇರಲಿ. ಮೊದಲು ಪ್ಯಾರಾಮೀಟರ್ (ಮೆಷಿನ್‌ನ ಮೂಲ ಸೆಟ್ಟಿಂಗ್) ಬ್ಯಾಕಪ್ ತೆಗೆದುಕೊಳ್ಳಿ, ಆಮೇಲೆ ಪ್ರೋಗ್ರಾಮ್. ಕಂಟ್ರೋಲರ್‌ನ ಮೆಮೊರಿ ಬ್ಯಾಟರಿ ಯಾವಾಗ ಬದಲಾಯಿಸಿದ್ದು ಅಂತಲೂ ನೋಡಿ. ಆ ಬ್ಯಾಟರಿ ಸತ್ತರೆ ಪ್ಯಾರಾಮೀಟರ್ ಎಲ್ಲ ಅಳಿಸಿ ಹೋಗುತ್ತದೆ, ಮೆಷಿನ್ ವಾರಗಟ್ಟಲೆ ನಿಲ್ಲುತ್ತದೆ. ಬದಲಾಯಿಸುವಾಗ ಕಂಟ್ರೋಲ್ ಆನ್ ಇರಲಿ.

ಮೈಕ್ರೋಮೀಟರ್‌ಗೆ, ಶೀಟ್‌ನಲ್ಲಿ ಪೀಸ್ ಮೆಷಿನ್‌ನಿಂದ ಇಳಿದ ಸಮಯ ಮತ್ತು ಅಳೆದ ಸಮಯ ಎರಡನ್ನೂ ಸ್ಕ್ಯಾನ್ ಮಾಡಿಸಿ. ನಡುವೆ ಇಷ್ಟು ನಿಮಿಷ ಆಗದಿದ್ದರೆ ಸೆಲ್ ಕೆಂಪಾಗಲಿ, ರೀಡಿಂಗ್ ಕಸ್ಟಮರ್‌ಗೆ ಹೋಗದಿರಲಿ. ಎಷ್ಟು ನಿಮಿಷ ಎಂದು ನಿಮ್ಮ ಸೆಟ್ಟರ್ ಅವರೇ ಹೇಳಲಿ, ಬೇಸಿಗೆಗೊಂದು, ಚಳಿಗೊಂದು.